ಈ ಸಲದ ಸೋಲ್ಡರ್ ರೋಲ್ ಸೀಸವಿಲ್ಲದ್ದಿರಲಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಟಿವಿ, ಮೊಬೈಲ್, ಮಿಕ್ಸಿ, ಇನ್ವರ್ಟರ್, ಆಂಪ್ಲಿಫೈಯರ್, ಪಂಪಿನ ಸ್ಟಾರ್ಟರ್, ಐಬೆಕ್ಸ್ ವಿದ್ಯುತ್ ಬೇಲಿಯ ಯಂತ್ರ ಹೀಗೆ ಬೋರ್ಡು ಇರುವ ಯಾವುದನ್ನೇ ಆಗಲಿ ಬಿಚ್ಚಿ ಸರಿಮಾಡಿ ಕೊಡುವ ಎಲ್ಲ ಬಂಧುಗಳೇ,

ಊರ ಜಾತ್ರೆಗಳು ಮುಗಿಯುತ್ತ ಬಂದು ಪತ್ತನಾಜೆ ಹತ್ತಿರವಾಗುವ ಹೊತ್ತಿಗೆ ನಮ್ಮ ಮೇಜುಗಳ ಮೇಲೆ ಕೈ ಇಡಲು ಜಾಗ ಉಳಿಯುವುದಿಲ್ಲ. ಸಂಜೆ ಒಮ್ಮೆ ಜೋರಾಗಿ ಗುಡುಗಿದರೆ ಸಾಕು, ಮರುದಿನ ಬೆಳಿಗ್ಗೆ ಬೆಳ್ಳಾರೆಯಿಂದಲೋ ಆಲಂಕಾರಿನಿಂದಲೋ ಗುತ್ತಿಗಾರಿನಿಂದಲೋ ಜೀಪು ಹತ್ತಿ ಮೋಡೆಮ್‌ಗಳು, ಸೆಟ್ ಟಾಪ್ ಬಾಕ್ಸ್‌ಗಳು, ಇನ್ವರ್ಟರಿನ ಬೋರ್ಡುಗಳು ಬಂದು ಕೂರುತ್ತವೆ. "ಇವತ್ತೇ ಆಗ್ಬೇಕು ಮಾರಾಯ್ರೆ, ತೋಟಕ್ಕೆ ನೀರು ಬಿಡ್ಲಿಕ್ಕೆ ಉಂಟು" ಎನ್ನುವವರು ಬಾಗಿಲಲ್ಲೇ ನಿಂತಿರುತ್ತಾರೆ. ಆನೆ ಬರುವ ಕಡೆಯವರದ್ದಂತೂ ಇನ್ನೂ ಅವಸರ. ಬೇಲಿಯ ಯಂತ್ರ ಒಂದು ರಾತ್ರಿ ಕೆಟ್ಟರೆ ಬಾಳೆಯೂ ಹೋಯಿತು, ಎಳೆ ಅಡಿಕೆ ಗಿಡವೂ ಹೋಯಿತು. ನಾನೂ ಇಂಥ ಒಂದು ಮೇಜಿನಲ್ಲಿ ದುಡಿದವನಾದ್ದರಿಂದ ಆ ಅವಸರ ನನಗೆ ಗೊತ್ತು. ಆ ಅವಸರದ ನಡುವೆ ಯಾರೂ ತಿರುಗಿ ನೋಡದ ಒಂದು ವಸ್ತುವಿನ ಬಗ್ಗೆ ನಿಮ್ಮಲ್ಲಿ ಮಾತಾಡಬೇಕಾಗಿದೆ.

ಅದು ನಾವು ದಿನವೂ ಕೈಯಲ್ಲಿ ಹಿಡಿಯುವ ಸೋಲ್ಡರ್ ವಯರ್. ರೋಲಿನ ಮೇಲೆ 60/40 ಎಂದು ಬರೆದಿರುತ್ತದೆ. ಲೋಹದ ಲೆಕ್ಕದಲ್ಲಿ ನೂರು ಗ್ರಾಂಗೆ 60 ಗ್ರಾಂ ತವರ, 40 ಗ್ರಾಂ ಸೀಸ. ವರ್ಷಕ್ಕೆ ಅರ್ಧ ಕಿಲೋ ಖರ್ಚು ಮಾಡುವ ಅಂಗಡಿಯಲ್ಲಿ ಆ ವರ್ಷ ಸುಮಾರು 200 ಗ್ರಾಂ ಸೀಸ ಬೆರಳುಗಳ ನಡುವೆ ಹಾದುಹೋಗಿರುತ್ತದೆ. ಮುಂದಿನ ರೋಲ್ ತರುವಾಗ ಸೀಸವಿಲ್ಲದ್ದನ್ನು ತನ್ನಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಬದಲಾಯಿಸುವುದು ಸುಲಭ ಎಂದು ನಂಬಿಸಲು ಹೊರಟಿಲ್ಲ. ಅದರ ಕಷ್ಟಗಳನ್ನೂ ಮುಚ್ಚಿಡದೆ ಬರೆಯುತ್ತೇನೆ.

ಮೊದಲು ಹೊಗೆಯ ವಿಚಾರ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ. ಬಿಟ್ ಮುಟ್ಟಿಸಿದಾಗ ಏಳುವ ಬಿಳಿ ಹೊಗೆಯೇ ಸೀಸ, ಫ್ಯಾನ್ ಹಾಕಿ ಅದನ್ನು ಓಡಿಸಿದರೆ ಮುಗಿಯಿತು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಸೀಸ ಕುದಿಯುವುದು 1749 ಡಿಗ್ರಿಯಲ್ಲಿ. ನಮ್ಮ ಬಿಟ್ 350ರ ಆಸುಪಾಸಿನಲ್ಲಿರುತ್ತದೆ. ಆ ಬಿಸಿಗೆ ಆವಿಯಾಗಿ ಏಳುವ ಸೀಸ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕಣ್ಣಿಗೆ ಕಾಣುವ ಹೊಗೆ ವಯರಿನ ಹೊಟ್ಟೆಯೊಳಗಿರುವ ಫ್ಲಕ್ಸಿನದು, ಅಂದರೆ ಪೈನ್ ಮರದ ರಾಳದ್ದು. ಅದು ಬೇರೆಯೇ ಕೇಡು: ವರ್ಷಗಟ್ಟಲೆ ಎಳೆದುಕೊಂಡವರಿಗೆ ಉಬ್ಬಸ ತರಿಸುತ್ತದೆ, ಒಮ್ಮೆ ಮೈಗೆ ಆಗದೆ ಹೋದರೆ ಆಮೇಲೆ ಸ್ವಲ್ಪ ಹೊಗೆಗೂ ಎದೆ ಕಟ್ಟುತ್ತದೆ. ಸೀಸವಿಲ್ಲದ ವಯರಿನಲ್ಲೂ ಇದೇ ಫ್ಲಕ್ಸ್ ಇರುತ್ತದೆ. ಬಿಸಿ ಹೆಚ್ಚು ಬೇಕಾಗುವುದರಿಂದ ಹೊಗೆ ಸ್ವಲ್ಪ ಹೆಚ್ಚೇ ಏಳುತ್ತದೆ. ಆದ್ದರಿಂದ ಹೊಗೆಯನ್ನು ಮುಖದಿಂದ ಆಚೆ ಎಳೆಯುವ ಸಣ್ಣ ಫ್ಯಾನ್ ಎರಡಕ್ಕೂ ಬೇಕು. ಹಳೆಯ ಕಂಪ್ಯೂಟರಿನ ಫ್ಯಾನ್ ಒಂದನ್ನು 12 ವೋಲ್ಟಿಗೆ ಜೋಡಿಸಿ, ಗಾಳಿ ಕಿಟಕಿಯ ಕಡೆ ಹೋಗುವಂತೆ ಮೇಜಿನ ಬದಿಯಲ್ಲಿ ನಿಲ್ಲಿಸಿದರೆ ಅಷ್ಟರ ಮಟ್ಟಿಗೆ ಉಪಕಾರ.

ಸೀಸ ನಮ್ಮ ಮೈ ಸೇರುವುದು ಕೈಯಿಂದ ಬಾಯಿಗೆ. ನಮ್ಮ ಊರಿನ ಅಭ್ಯಾಸಗಳನ್ನು ನೆನೆದರೆ ಅದಕ್ಕೆ ಎಷ್ಟು ದಾರಿಗಳಿವೆ ನೋಡಿ. ಎರಡೂ ಕೈಗೆ ಕೆಲಸವಿದ್ದಾಗ ವಯರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವವರು ಇದ್ದಾರೆ. ಇದೊಂದನ್ನು ಈ ಕ್ಷಣದಿಂದಲೇ ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಅಡಿಕೆಯ ನಾಡು ನಮ್ಮದು. ಮೇಜಿನ ಮೂಲೆಯಲ್ಲಿ ಎಲೆ ಅಡಿಕೆ ಸುಣ್ಣದ ಡಬ್ಬಿ ಇರುವ ಅಂಗಡಿಗಳೇ ಹೆಚ್ಚು. ವಯರ್ ಹಿಡಿದ ಅದೇ ಹೆಬ್ಬೆರಳಿನಿಂದ ಎಲೆಯ ಬೆನ್ನಿಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟರೆ ಬೆರಳಿಗಂಟಿದ ಸೀಸವೂ ಜೊತೆಗೇ ಹೋಯಿತು. ಬೀಡಿ ಸೇದುವವರದ್ದೂ ಇದೇ ಕಥೆ, ತುಟಿಗೆ ಹೋಗುವ ತುದಿಯನ್ನು ಹಿಡಿಯುವುದು ಅದೇ ಬೆರಳುಗಳು. ಹತ್ತು ಗಂಟೆಗೆ ಪಕ್ಕದ ಹೋಟೆಲಿನಿಂದ ಚಾ ಮತ್ತು ಗೋಳಿಬಜೆ ಬರುತ್ತದೆ. ಕೈ ತೊಳೆಯಲು ಹಿಂದಿನ ನಳ್ಳಿಯವರೆಗೆ ಹೋಗುವಷ್ಟು ಪುರುಸೊತ್ತು ಯಾರಿಗಿದೆ? ಪ್ಯಾಂಟಿಗೆ ಒರೆಸಿಕೊಂಡು ತಿನ್ನುತ್ತೇವೆ. ಅದೇ ಪ್ಯಾಂಟಿನಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತೇವೆ.

ಮಕ್ಕಳ ಮಾತು ಬಂದದ್ದರಿಂದ ಸ್ವಲ್ಪ ಇಲ್ಲೇ ನಿಲ್ಲುತ್ತೇನೆ. ನಮ್ಮಲ್ಲಿ ಪೇಟೆಯ ಅಂಗಡಿಯಷ್ಟೇ ಮನೆಯ ಜಗಲಿಯ ರಿಪೇರಿಯೂ ನಡೆಯುತ್ತದೆ. ಒಂದು ಕಡೆ ಹೆಂಗಸರು ಬೀಡಿ ಕಟ್ಟುತ್ತ ಕುಳಿತಿರುತ್ತಾರೆ, ಇನ್ನೊಂದು ಕಡೆ ಟಿವಿ ಬಿಚ್ಚಿಟ್ಟಿರುತ್ತದೆ, ನಡುವೆ ಮಗು ಅಂಬೆಗಾಲಿಕ್ಕುತ್ತದೆ. ಐರನ್ ಕೊಡವಿದಾಗ ನೆಲಕ್ಕೆ ಹಾರುವ ಸಣ್ಣ ಗುಂಡುಗಳನ್ನು ಎಣಿಸುವವರಿಲ್ಲ. ಒಂದು ಮಿಲಿಗ್ರಾಂ ತೂಕದ ಗುಂಡು ಸಾಸಿವೆ ಕಾಳಿಗಿಂತ ಚಿಕ್ಕದು. ಅದರಲ್ಲಿ 400 ಮೈಕ್ರೋಗ್ರಾಂ ಸೀಸವಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೂ ಅದು ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಒಂದು ವರ್ಷ ದಾಟಿದ ಮಗುವಿನ ಮೈಯಲ್ಲಿ ಇರುವುದು ಸುಮಾರು ಒಂದು ಲೀಟರ್ ರಕ್ತ. ಅಂದರೆ ಇಡೀ ಮೈಯ ರಕ್ತಕ್ಕೆ 50 ಮೈಕ್ರೋಗ್ರಾಂ. ನುಂಗಿದ್ದೆಲ್ಲ ರಕ್ತಕ್ಕೆ ಇಳಿಯುವುದಿಲ್ಲ, ಗುಂಡು ಪೂರ್ತಿ ಕರಗದೆ ಹೊರಗೂ ಹೋಗಬಹುದು. ಆದರೆ ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಎಷ್ಟೋ ಪಾಲು ಹೆಚ್ಚು ಹೀರುತ್ತದೆ. ಊಟದಲ್ಲಿ ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಹಾಗೆ ಹೋದ ಸೀಸ ಬೆಳೆಯುವ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಯಾಗುವುದಿಲ್ಲ. ಇಷ್ಟರವರೆಗೆ ಪರವಾಗಿಲ್ಲ ಎಂಬ ಒಂದು ಗಡಿಯನ್ನು ವಿಜ್ಞಾನ ಈ ತನಕ ಕಂಡಿಲ್ಲ.

ನಮ್ಮ ನಡುವೆ ಹಿರಿಯರಿದ್ದಾರೆ. ವಾಲ್ವ್ ರೇಡಿಯೋದಿಂದ ಶುರುಮಾಡಿ ಎಲ್‌ಇಡಿ ಟಿವಿಯವರೆಗೆ ಎಲ್ಲವನ್ನೂ ಕೈಯಲ್ಲಿ ಹಾಯಿಸಿದವರು. "ನಲವತ್ತು ವರ್ಷ ಇದೇ ಲೆಡ್ ಹಿಡಿದವ ನಾನು, ನನಗೆ ಏನಾಗಿದೆ?" ಎಂದು ಅವರು ಕೇಳುವುದು ಸಹಜ. ಅವರ ಅನುಭವಕ್ಕೆ ತಲೆಬಾಗಿಯೇ ಉತ್ತರ ಹೇಳುತ್ತೇನೆ. ಸೀಸ ರಕ್ತದಲ್ಲಿ ಇರುವುದು ಒಂದು ತಿಂಗಳ ಲೆಕ್ಕದಲ್ಲಿ, ಎಲುಬಿನಲ್ಲಿ ಇರುವುದು ದಶಕಗಳ ಲೆಕ್ಕದಲ್ಲಿ. ದೇಹ ಅದನ್ನು ಸುಣ್ಣದಂಶವೆಂದು ತಿಳಿದು ಎಲುಬಿಗೆ ಸೇರಿಸಿಡುತ್ತದೆ. ವಯಸ್ಸಾಗಿ ಎಲುಬು ಸವೆಯುವಾಗ ಮತ್ತೆ ರಕ್ತಕ್ಕೆ ಬಿಡುತ್ತದೆ. ಬಿ.ಪಿ. ಏರುವುದು, ಕಿಡ್ನಿ ಸೋಲುವುದು, ಮಲಬದ್ಧತೆ, ಹೊಟ್ಟೆನೋವು, ರಕ್ತ ಕಡಿಮೆಯಾಗಿ ಸುಸ್ತು, ಗಂಟುನೋವು ಇವೆಲ್ಲ ಸೀಸದಿಂದಲೂ ಬರುತ್ತವೆ, ಬೇರೆ ಹತ್ತು ಕಾರಣಗಳಿಂದಲೂ ಬರುತ್ತವೆ. ಹಾಗಾಗಿ ಡಾಕ್ಟರ ಬಳಿ ಹೋದಾಗ ಯಾರೂ ಸೀಸದ ಹೆಸರು ಎತ್ತುವುದಿಲ್ಲ. ಇಂಥ ತೊಂದರೆ ಇರುವವರು ಒಮ್ಮೆಯಾದರೂ "ನಾನು ಸೋಲ್ಡರಿಂಗ್ ಕೆಲಸದವ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಬಹುದಾ?" ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರಂತೂ ಮೇಜನ್ನು ಜಗಲಿಯಿಂದ ಆಚೆ ಕೊಂಡುಹೋಗಿ. ತಾಯಿಯ ಎಲುಬಿನ ಸೀಸ ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ.

ಈ ಎಚ್ಚರವನ್ನು ದೇಶದಲ್ಲಿ ಎಬ್ಬಿಸಿದವರಲ್ಲಿ ನಮ್ಮ ರಾಜ್ಯದವರೇ ಮುಂದೆ ಇದ್ದರು ಎನ್ನುವುದನ್ನು ನಾವು ಮರೆಯಬಾರದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ ಮೊದಲಾದ ನಗರಗಳಲ್ಲಿ ಸಾವಿರಾರು ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ, ಆಗ ಅಪಾಯದ ಗೆರೆ ಎಂದುಕೊಂಡಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ದೇಶದಾದ್ಯಂತ ನಿಂತುಹೋಯಿತು. ಫೌಂಡೇಶನ್ನಿನ ಆ ಕೆಲಸದ ಜೊತೆಗೆ ನಿಂತ ಡಾ. ತುಪ್ಪಿಲ್ ವೆಂಕಟೇಶ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು, ಸೀಸದ ವಿಷಬಾಧೆಗೆಂದೇ ಅಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ನಡೆಸಿದವರು. ಪೆಟ್ರೋಲಿನಿಂದ ಹೋಯಿತು, 2017ರಿಂದ ಮನೆಗೆ ಬಳಿಯುವ ಬಣ್ಣದಲ್ಲೂ ಕಟ್ಟುನಿಟ್ಟಿನ ಮಿತಿ ಬಂತು. ನಮ್ಮ ಮೇಜಿನಲ್ಲಿ ಮಾತ್ರ ಇನ್ನೂ ಉಳಿದಿದೆ.

ಕಾನೂನು ಏನು ಹೇಳುತ್ತದೆ? ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸ ತೂಕದ ಶೇಕಡಾ 0.1ನ್ನು ಮೀರುವಂತಿಲ್ಲ ಎಂದಾಯಿತು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಲ್ಲಿ ಅದೇ ಮಿತಿ 2014ರ ಮೇ 1ರಿಂದ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳಲ್ಲೂ ಅದು ಮುಂದುವರಿದಿದೆ. ಇದು ಕಂಪೆನಿಗಳಿಗೆ ಹೇಳಿದ ಮಾತು. ಸೂಕ್ಷ್ಮ ಉದ್ದಿಮೆಗಳಿಗೆ ಆ ನಿಯಮಗಳು ತಾಗುವುದಿಲ್ಲ. ಹಾಗಾಗಿ ನಿಮ್ಮ ಅಂಗಡಿಗೆ ಬಂದು 60/40 ರೋಲ್ ಯಾಕಿದೆ ಎಂದು ಕೇಳುವ ಅಧಿಕಾರಿ ಯಾರೂ ಇಲ್ಲ. ಯಾರೂ ಕೇಳುವುದಿಲ್ಲವಾದ್ದರಿಂದಲೇ ನಮ್ಮೊಳಗಿನವನೊಬ್ಬ ಈ ಪತ್ರ ಬರೆಯಬೇಕಾಗಿ ಬಂತು. ಇನ್ನೊಂದು ವಿಷಯವೂ ಇದೆ. ಇಂದು ನಮ್ಮ ಕೈಗೆ ಬರುವ ಮೊಬೈಲ್, ಟಿವಿ, ಮೋಡೆಮ್ ಬಹುಪಾಲು ಕಂಪೆನಿಯಿಂದಲೇ ಸೀಸವಿಲ್ಲದೆ ಬೆಸೆದು ಬಂದವು. ಸೀಸವಿಲ್ಲದ ಬೋರ್ಡಿಗೆ ಸೀಸ ಸೇರಿಸಿ ಕೊಡುತ್ತಿರುವವರು ನಾವು.

ಸೀಸವಿಲ್ಲದ ತವರ ನಮ್ಮ ಕಸುಬಿಗೆ ಹೊಸದೇನಲ್ಲ. ಹಳೆಯ ಕಾಲದ ಕಲಾಯಿಯವರು ನೆನಪಿರಬಹುದು. ತಾಮ್ರ, ಹಿತ್ತಾಳೆಯ ಪಾತ್ರೆಯನ್ನು ಕೆಂಡದ ಮೇಲಿಟ್ಟು, ನವಸಾಗರ ಹಾಕಿ, ತವರ ಸವರಿ ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಅದೂ ನಮ್ಮದೇ ವಿದ್ಯೆ: ನವಸಾಗರ ಅವರ ಫ್ಲಕ್ಸ್, ತವರ ಅವರ ಸೋಲ್ಡರ್. ತವರಕ್ಕೆ ಸೀಸ ಬೆರೆಸಿದರೆ ಅಗ್ಗವಾಗುತ್ತಿತ್ತು, ಬೇಗ ಕರಗುತ್ತಿತ್ತು, ಪಾತ್ರೆಯಲ್ಲಿ ಹುಳಿ ಬೇಯಿಸಿದಾಗ ಮನೆಮಂದಿಯ ಹೊಟ್ಟೆಗೂ ಹೋಗುತ್ತಿತ್ತು. ಹಾಗಾಗಿ ಒಳ್ಳೆಯ ಕಲಾಯಿ ಎಂದರೆ ಶುದ್ಧ ತವರದ್ದು.

ಈಗ ಕಷ್ಟಗಳಿಗೆ ಬರುತ್ತೇನೆ, ಕಸುಬಿನವರಿಗೆ ಬೇಕಾದದ್ದು ಇದೇ ಭಾಗ. 60/40 ವಯರ್ 183 ಡಿಗ್ರಿಗೆ ಕರಗಲು ಶುರುವಾಗಿ 190ರ ಒಳಗೆ ನೀರಾಗುತ್ತದೆ. ಸೀಸವಿಲ್ಲದ್ದರಲ್ಲಿ ಹೆಚ್ಚು ಬಳಕೆಯ ಸ್ಯಾಕ್ 305ರಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5 ಪಾಲು ಇರುತ್ತದೆ. ಅದು ಕರಗುವುದು 217ರಿಂದ 220ರಲ್ಲಿ. ಬೆಳ್ಳಿಯಿಲ್ಲದ ತವರ-ತಾಮ್ರದ ವಯರ್, ತವರ 99.3 ತಾಮ್ರ 0.7ರದ್ದು, 227ರಲ್ಲಿ. ಮೂವತ್ತು ನಲವತ್ತು ಡಿಗ್ರಿಯ ಈ ವ್ಯತ್ಯಾಸದಿಂದಲೇ ಎಲ್ಲ ತೊಂದರೆ. ನೇರವಾಗಿ ಪ್ಲಗ್ಗಿಗೆ ಹಾಕುವ 25 ವಾಟಿನ ಹಳೆಯ ಐರನ್, ತಾಮ್ರದ ಬರಿ ಬಿಟ್, ಅದರಲ್ಲಿ ಸೀಸವಿಲ್ಲದ ವಯರ್ ಹಿಡಿದವರು ಅರ್ಧ ಗಂಟೆಯಲ್ಲಿ ಬೇಸತ್ತು "ಇದು ಆಗುವ ಹೋಗುವ ಮಾತಲ್ಲ" ಎಂದು ಹಳೆಯ ರೋಲಿಗೆ ಮರಳುತ್ತಾರೆ. ತಪ್ಪು ವಯರಿನದ್ದಲ್ಲ. ತವರ ಹೆಚ್ಚಿದ್ದಷ್ಟೂ ಬರಿ ತಾಮ್ರದ ಬಿಟ್ ಬೇಗ ಕರಗಿ ಸವೆಯುತ್ತದೆ, ಬಿಸಿಯೂ ಸಾಲುವುದಿಲ್ಲ.

ಬೇಕಾದದ್ದು ಬಿಸಿ ಹಿಡಿದಿಡುವ ಒಂದು ಸ್ಟೇಷನ್, 60 ವಾಟ್ ಅಥವಾ ಮೇಲಿನದು. ಮೊಬೈಲ್ ಕೆಲಸದವರಲ್ಲಿ ಅದು ಈಗಾಗಲೇ ಇದೆ. ಟಿವಿ, ಆಂಪ್ಲಿಫೈಯರ್ ಕೆಲಸದವರು ಒಮ್ಮೆ ಖರ್ಚು ಮಾಡಬೇಕಾಗುತ್ತದೆ. 350ಕ್ಕೆ ಇಟ್ಟು ಕೆಲಸ ಮಾಡಿ. ಸಾಲದಿದ್ದರೆ 420ಕ್ಕೆ ಏರಿಸುವ ಮೊದಲು ಬಿಟ್ ಬದಲಿಸಿ. ಸೂಜಿಮೊನೆಯ ಬಿಟ್ ಬಿಸಿಯನ್ನು ದಾಟಿಸುವುದೇ ಇಲ್ಲ, ಚಪ್ಪಟೆ ಉಳಿ ಬಾಯಿಯ ಬಿಟ್ ಅದೇ ಬಿಸಿಯಲ್ಲಿ ಕೆಲಸ ಮುಗಿಸುತ್ತದೆ. ಬಿಸಿ ಏರಿಸುತ್ತ ಹೋದರೆ ಬಿಟ್ಟೂ ಸಾಯುತ್ತದೆ, ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬರುತ್ತದೆ. ಯಕ್ಷಗಾನ ಮೇಳಗಳ ಆಂಪ್ಲಿಫೈಯರಿನಲ್ಲೋ ಇನ್ವರ್ಟರಿನಲ್ಲೋ ದಪ್ಪ ಅರ್ಥಿಂಗ್ ಪಟ್ಟಿಗೆ ಬೆಸೆಯುವಾಗ ಹಾಟ್ ಏರ್ ಹಿಡಿದು ಬೋರ್ಡನ್ನು ಮೊದಲು ಸ್ವಲ್ಪ ಬಿಸಿ ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಬಿಟ್ ಒರೆಸಲು ಒದ್ದೆ ಸ್ಪಂಜಿಗಿಂತ ಹಿತ್ತಾಳೆಯ ತಂತಿಯ ಉಂಡೆ ಒಳ್ಳೆಯದು. ಕೆಲಸ ನಿಲ್ಲಿಸುವಾಗ ಬಿಟ್ಟಿಗೆ ಹೊಸ ಸೋಲ್ಡರ್ ಬಳಿದು ಹಾಗೆಯೇ ಆರಿಸಿ, ಒರೆಸಿ ಇಡಬೇಡಿ.

ಇನ್ನೊಂದು, ಕಣ್ಣಿನ ಅಭ್ಯಾಸ. ನಾವು ಕಲಿತ ಪಾಠದಲ್ಲಿ ಫಳಫಳ ಹೊಳೆಯುವ ಜಾಯಿಂಟ್ ಒಳ್ಳೆಯದು, ಮಸುಕಾದದ್ದು ಡ್ರೈ ಸೋಲ್ಡರ್. ಸ್ಯಾಕ್ ವಯರಿನ ಒಳ್ಳೆಯ ಜಾಯಿಂಟ್ ಕೂಡ ಮಸುಕಾಗಿ, ಸ್ವಲ್ಪ ತರಿತರಿಯಾಗಿ ಕಾಣುತ್ತದೆ. ಹೊಳಪು ನೋಡದೆ ಅಂಚು ನೋಡಿ: ಸೋಲ್ಡರ್ ಕಾಲಿನ ಸುತ್ತ ಇಳಿಜಾರಾಗಿ ಹರಡಿ ಪ್ಯಾಡನ್ನು ಅಪ್ಪಿದೆಯೇ, ಉಂಡೆಯಾಗಿ ಮೇಲೆ ಕೂತಿದೆಯೇ? ಹರಡದಿದ್ದರೆ ಫ್ಲಕ್ಸ್ ಹಾಕಿ ಮತ್ತೊಮ್ಮೆ ಮುಟ್ಟಿಸಿ.

ಮಿಶ್ರಣದ ವಿಷಯದಲ್ಲಿ ಮೊಬೈಲ್ ಕೆಲಸದ ಹುಡುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮಲ್ಲಿ 183ರ ಪೇಸ್ಟ್, 138ರ ಪೇಸ್ಟ್ ಎರಡೂ ಇರುತ್ತವೆ. 183ರದ್ದು ಸೀಸದ್ದು. 138ರದ್ದರಲ್ಲಿ ಸೀಸವಿಲ್ಲ, ತವರಕ್ಕೆ ಬಿಸ್ಮತ್ ಸೇರಿಸಿದ್ದು. ಹಳೆಯ ಸೀಸ ಉಳಿದ ಜಾಗಕ್ಕೆ ಈ 138ರ ಪೇಸ್ಟ್ ಹಾಕಿದರೆ ಮೂರೂ ಲೋಹ ಸೇರಿ, ನೂರು ಡಿಗ್ರಿಗೂ ಕೆಳಗೆ, 96ರ ಸುಮಾರಿಗೆ ಕರಗುವ ಪದರವೊಂದು ಹುಟ್ಟುತ್ತದೆ. ಬಿಸಿಯಾಗುವ ಐಸಿಯ ಕೆಳಗೆ ಅದು ಎಷ್ಟು ದಿನ ನಿಂತೀತು? ಆದ್ದರಿಂದ ಹಳೆಯ ಸೋಲ್ಡರನ್ನು ವಿಕ್ಕಿನಿಂದ ಪೂರ್ತಿ ತೆಗೆದು, ಪ್ಯಾಡ್ ಒರೆಸಿ, ಆಮೇಲೆ ಹೊಸದು ಹಾಕಿ. ರೋಲಿನ ಚೀಟಿಯ ಮೇಲೆ ಅನುಮಾನ ಬಂದರೆ ಪರೀಕ್ಷೆ ಸುಲಭ: ಸ್ಟೇಷನ್ನನ್ನು 200ಕ್ಕೆ ಇಟ್ಟು ಮುಟ್ಟಿಸಿ. 60/40 ಕರಗುತ್ತದೆ, ಸ್ಯಾಕ್ ಕರಗುವುದಿಲ್ಲ.

ಸೀಸವಿಲ್ಲದ್ದೇ ಎಲ್ಲ ವಿಧದಲ್ಲೂ ಮೇಲು ಎಂದು ನಾನು ಹೇಳುತ್ತಿಲ್ಲ. ಶುದ್ಧ ತವರ ಕಾಲಕ್ರಮದಲ್ಲಿ ಕೂದಲಿಗಿಂತ ಸಪುರವಾದ ಎಳೆಗಳನ್ನು ತಾನಾಗಿ ಬೆಳೆಸುತ್ತದೆ, ಆ ಎಳೆ ಪಕ್ಕದ ಕಾಲಿಗೆ ತಾಗಿದರೆ ಶಾರ್ಟ್. ತವರಕ್ಕೆ ಸೀಸ ಸೇರಿಸಿದರೆ ಈ ಕಾಟ ತಗ್ಗುತ್ತದೆ. 1998ರಲ್ಲಿ ಅಮೆರಿಕದ ಗ್ಯಾಲಕ್ಸಿ 4 ಉಪಗ್ರಹ ಕೆಟ್ಟುಹೋಗಲು ಇಂಥ ಎಳೆಗಳೇ ಕಾರಣ ಎಂದು ಕಂಡುಕೊಂಡರು. ಉಪಗ್ರಹ, ರಕ್ಷಣಾ ಸಾಮಗ್ರಿಗಳಲ್ಲಿ ಇಂದಿಗೂ ಸೀಸದ ಸೋಲ್ಡರ್ ಬಳಸಲು ಬಿಟ್ಟಿರುವುದು ಅದಕ್ಕಾಗಿ. ಆದರೆ ಆ ಕೆಲಸ ನಡೆಯುವುದು ಕೈಗವಸು ಹಾಕಿ, ಗಾಳಿ ಸೋಸಿದ ಕೋಣೆಯಲ್ಲಿ, ಕೆಲಸದವರ ಆರೋಗ್ಯದ ಮೇಲೆ ಕಣ್ಣಿಟ್ಟು. ಕುಂಬ್ರದ ಅಂಗಡಿಯಲ್ಲಿ ಮಿಕ್ಸಿಯ ಬೋರ್ಡು ಸರಿಮಾಡುವವರಿಗೆ ಅಂಥ ಕಾವಲು ಇಲ್ಲ, ಆ ಮಿಕ್ಸಿ ಮೂವತ್ತು ವರ್ಷ ಆಕಾಶದಲ್ಲಿ ಸುತ್ತಬೇಕಾಗಿಯೂ ಇಲ್ಲ. ಜಗತ್ತಿನ ಮೊಬೈಲ್, ಟಿವಿಗಳೆಲ್ಲ ಇಪ್ಪತ್ತು ವರ್ಷಗಳಿಂದ ಸೀಸವಿಲ್ಲದೆಯೇ ಓಡುತ್ತಿವೆ.

ಖರ್ಚಿನ ಮಾತು. ಬೆಳ್ಳಿಯಿರುವುದರಿಂದ ಸ್ಯಾಕ್ ದುಬಾರಿ, ಬೆಳ್ಳಿಯ ದರ ಏರಿದಾಗ ಇನ್ನೂ ದುಬಾರಿ. ದೊಡ್ಡ ಜಾಯಿಂಟುಗಳ ಕೆಲಸಕ್ಕೆ ತವರ-ತಾಮ್ರದ ವಯರ್ ಸಾಕು, ಅದು ಅಷ್ಟು ಹೊರೆಯಾಗುವುದಿಲ್ಲ. ಸಣ್ಣ ಕೆಲಸಕ್ಕೆ ಮಾತ್ರ 0.8 ಮಿಲಿಮೀಟರಿನ ಸ್ಯಾಕ್ ಇಟ್ಟುಕೊಳ್ಳಿ. ಒಂದು ಬೋರ್ಡಿನ ರಿಪೇರಿಗೆ ಒಂದು ಗ್ರಾಂ ಸೋಲ್ಡರ್ ಹಿಡಿಯುವುದೇ ಅಪರೂಪ. ಹಾಗಾಗಿ ರೋಲ್ ಕೊಳ್ಳುವಾಗ ಹೆಚ್ಚೆನಿಸುವ ದುಡ್ಡು ಒಂದೊಂದು ಕೆಲಸಕ್ಕೆ ಹಂಚಿದಾಗ ಕೆಲವೇ ರೂಪಾಯಿ. ಅಷ್ಟನ್ನು ಗಿರಾಕಿಯ ಬಿಲ್ಲಿಗೆ ಸೇರಿಸಿ, ಯಾಕೆಂದು ಕೇಳಿದರೆ ಹೇಳಿ. ನಮ್ಮ ಊರಿನ ಜನ ಕಾರಣ ಹೇಳಿದರೆ ಕೇಳುವವರು. ಮಂಗಳೂರಿನಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಸಾಮಾನು ತರಿಸುವ ಹೋಲ್‌ಸೇಲಿನವರು ನಾಲ್ಕು ಜನ ಕೇಳಿದರೆ ತರಿಸುತ್ತಾರೆ, ಒಬ್ಬರೇ ಕೇಳಿದರೆ "ಅದು ಇಲ್ಲಿ ಹೋಗುವುದಿಲ್ಲ" ಎನ್ನುತ್ತಾರೆ. ನಾಲ್ಕು ಅಂಗಡಿಯವರು ಒಟ್ಟಾಗಿ ಕೇಳಿ.

ಸುಳ್ಯದ ಕೆವಿಜಿ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜು, ಪುತ್ತೂರಿನ ವಿವೇಕಾನಂದ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜು, ಮೂರೂ ತಾಲೂಕುಗಳ ಐಟಿಐಗಳು, ನಮ್ಮ ಹುಡುಗರು ಮೊಬೈಲ್ ರಿಪೇರಿ ಕಲಿಯಲು ಹೋಗುವ ಉಜಿರೆಯ ರುಡ್‌ಸೆಟ್ ಸಂಸ್ಥೆ, ಇಲ್ಲೆಲ್ಲ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಕೈ ಕಲಿತ ಮೇಲೆ ಬದಲಿಸುವುದು ಕಷ್ಟ, ಕಲಿಯುವಾಗಲೇ ಬದಲಿಸುವುದು ಸುಲಭ. ಮೊದಲ ದಿನವೇ ಸೀಸವಿಲ್ಲದ ವಯರ್ ಹಿಡಿದ ಹುಡುಗನಿಗೆ ಅದು ಕಷ್ಟ ಎಂಬುದೇ ಗೊತ್ತಾಗುವುದಿಲ್ಲ. ಲ್ಯಾಬಿನ ಇಂಡೆಂಟಿನಲ್ಲಿ ಒಂದು ಸಾಲು ತಿದ್ದಿದರೆ ಆಗುವ ಕೆಲಸ ಇದು. ಲ್ಯಾಬಿನಿಂದ ಹೊರಗೆ ಹೋಗುವಾಗ ಸಾಬೂನು ಹಾಕಿ ಕೈ ತೊಳೆಸುವುದನ್ನೂ ಪಾಠದ ಭಾಗ ಮಾಡಿ. ಸ್ಯಾನಿಟೈಸರಿಗೆ ಸೀಸ ಬಿಡುವುದಿಲ್ಲ, ಸಾಬೂನು ಮತ್ತು ನೀರೇ ಬೇಕು.

ಕೆಟ್ಟ ಬೋರ್ಡುಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮುರಿದ ಬೋರ್ಡು, ಸೋಲ್ಡರಿನ ಚೂರು, ತೆಗೆದ ವಿಕ್ಕು ಇವನ್ನು ತೋಟದ ಗುಂಡಿಗೆ ಎಸೆಯಬೇಡಿ, ಗೊಬ್ಬರದ ರಾಶಿಯ ಬಳಿ ಸುಡಬೇಡಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಸಮೀಪ ಮಳೆ ಬೀಳುವ ಊರು, ಹುಳಿಗುಣದ ಮುರಕಲ್ಲು ಮಣ್ಣು, ಗುಂಡಿಯಿಂದ ಕೂಗಳತೆಯಲ್ಲಿ ಬಾವಿ. ಹುಳಿ ಮಣ್ಣಿನಲ್ಲಿ ಸೀಸ ಕರಗಿ ಹರಿಯುವುದು ಸುಲಭ. ಎಲ್ಲವನ್ನೂ ಮುಚ್ಚಳವಿರುವ ಡಬ್ಬದಲ್ಲಿ ಕೂಡಿಡಿ. ಗುಜರಿಯವರಿಗೆ ಕೊಟ್ಟರೆ ಅವರು ಸುಡುತ್ತಾರೆ ಎಂಬುದು ನಿಮಗೂ ಗೊತ್ತು. ದಾಬಸ್‌ಪೇಟೆಯ ಇ-ಪರಿಸರದಂಥ ಪರವಾನಗಿ ಪಡೆದ ಘಟಕಗಳು ರಾಜ್ಯದಲ್ಲಿವೆ, ಆದರೆ ಒಂದೊಂದು ಅಂಗಡಿಯವರು ಅಲ್ಲಿಯವರೆಗೆ ಹೊತ್ತು ಹೋಗಲಾಗದು. ಪುತ್ತೂರು ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತ್‌ಗಳು ವರ್ಷಕ್ಕೆ ಎರಡು ದಿನ ಗೊತ್ತುಮಾಡಿ ಒಟ್ಟಿಗೆ ಸಂಗ್ರಹಿಸಿ ಕಳಿಸಲಿ ಎಂದು ನಾವೆಲ್ಲ ಸೇರಿ ಅರ್ಜಿ ಕೊಡೋಣ. ಅರ್ಜಿ ಬರೆಯುವ ಕೆಲಸ ನಾನು ಮಾಡುತ್ತೇನೆ, ಸಹಿಗೆ ನೀವು ಬನ್ನಿ.

ಹಾಳಾದ ಸಾಮಾನನ್ನು ಎಸೆಯದೆ ಮತ್ತೆ ಓಡುವಂತೆ ಮಾಡುವ ನಮ್ಮ ಕಸುಬಿಗಿಂತ ಪರಿಸರಕ್ಕೆ ಹತ್ತಿರವಾದ ಕೆಲಸ ಪೇಟೆಯಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಆ ಕಸುಬು ಅದನ್ನು ಮಾಡುವವರ ಮೈಗೆ, ಅವರ ಮನೆಯ ಮಕ್ಕಳಿಗೆ ಕೇಡಾಗಬಾರದು. ಇದ್ದ ರೋಲನ್ನು ಇವತ್ತೇ ಎಸೆಯಿರಿ ಎನ್ನುವುದಿಲ್ಲ. ಅದು ಮುಗಿಯುವವರೆಗೆ ವಯರ್ ಬಾಯಿಗೆ ಇಡಬೇಡಿ, ಎಲೆ ಅಡಿಕೆಯ ಡಬ್ಬಿಯನ್ನು ಮೇಜಿನಿಂದ ದೂರ ಇಡಿ, ಚಾ ಕುಡಿಯುವ ಮೊದಲು ಸಾಬೂನಿನಲ್ಲಿ ಕೈ ತೊಳೆಯಿರಿ, ಸಂಜೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಗಿದ ಮೇಲೆ ಸೀಸವಿಲ್ಲದ ನೂರು ಗ್ರಾಮಿನ ಒಂದು ರೋಲ್ ತಂದು ಒಂದು ತಿಂಗಳು ಅದರಲ್ಲೇ ಕೆಲಸ ಮಾಡಿ ನೋಡಿ. ಎಲ್ಲಿ ಕಷ್ಟವಾಯಿತು ಎಂದು ಪಕ್ಕದ ಅಂಗಡಿಯವರಿಗೆ ಹೇಳಿ, ಅವರು ಕಂಡುಕೊಂಡದ್ದನ್ನು ಕೇಳಿ. ಈ ಮಳೆಗಾಲದೊಳಗೆ ಮೂರು ತಾಲೂಕುಗಳಲ್ಲಿ ಹತ್ತು ಮೇಜುಗಳಾದರೂ ಬದಲಾಗಲಿ ಎಂದು ನಿಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮದೇ ಕಸುಬಿನ ಪುತ್ತೂರಿನವ